ಒಂದೇ ಅಂಚಿಗೆ ಅಂಟಿದ ಚೀಟಿ

ಭೀಮಾ ನದಿಯ ಈಚೆಗಿನ ಒಂದು ತಾಲೂಕು ಕಚೇರಿಯಲ್ಲಿ ದಫ್ತರದ ಕಾರಕೂನರಾಗಿದ್ದ ಯಂಕಂಚಿಯ ಬಸಂತರಾಯರನ್ನು ಕಂಡವರು ಮೊದಲು ಗಮನಿಸುತ್ತಿದ್ದುದು ಅವರ ಬಲಗೈಯ ಎರಡು ಬೆರಳುಗಳನ್ನು. ಗೋದಿ ಹಿಟ್ಟಿನ ಅಂಟು ಒಣಗಿ ಅವುಗಳ ತುದಿ ಯಾವಾಗಲೂ ಬೆಳ್ಳಗಿರುತ್ತಿತ್ತು. ಊಟಕ್ಕೆ ಮೊದಲು ಹೆಂಡತಿ ಸಿದ್ದಲಿಂಗವ್ವ ತಂಬಿಗೆಯಿಂದ ಕೈಗೆ ನೀರು ಹಾಕುತ್ತ, "ಇವತ್ತ ಎಷ್ಟ ಕಾಯದೆ ಅಂಟಿಸಿದ್ರಿ?" ಎಂದು ಕೇಳುವುದು ವಾಡಿಕೆ. ಅವರು ಸಂಖ್ಯೆಯನ್ನು ಹೇಳುತ್ತಿದ್ದರು, ನಗುತ್ತಿರಲಿಲ್ಲ.

ಈ ಕೆಲಸ ಅವರ ಪಾಲಿಗೆ ಬಂದದ್ದು 1956ರ ನವೆಂಬರಿನಲ್ಲಿ. ಅಕ್ಟೋಬರ್ ಮೂವತ್ತೊಂದರ ಸಂಜೆ ಮುಂಬೈ ರಾಜ್ಯದ ಕಚೇರಿಗೆ ಬೀಗ ಹಾಕಿ ಮನೆಗೆ ಹೋದವರು, ಮರುದಿನ ಅದೇ ಬೀಗವನ್ನು ತೆಗೆಯುವಾಗ ಮೈಸೂರು ರಾಜ್ಯದ ನೌಕರರಾಗಿದ್ದರು. ಬಿಜಾಪುರ ಜಿಲ್ಲೆ ಮುಂಬೈಯನ್ನು ಬಿಟ್ಟು ಬಂದಿತ್ತು, ಆದರೆ ಮುಂಬೈಯ ಕಾಯದೆಗಳನ್ನು ಹೊತ್ತೇ ಬಂದಿತ್ತು. ಹೊಸ ಸರಕಾರ ತನ್ನ ಕಾಯದೆ ಮಾಡುವವರೆಗೆ ಹಳೆಯ ಕಾಯದೆಗಳೂ ಅವುಗಳ ಕೆಳಗೆ ಹೊರಟ ಹುಕುಮುಗಳೂ ನಡೆಯತಕ್ಕದ್ದೆಂದು ಆಜ್ಞೆಯಾಗಿತ್ತು. ಯಾವುದು ಉಳಿದಿದೆ, ಯಾವುದು ಹೋಗಿದೆ, 'ಮುಂಬೈ ಸರಕಾರ' ಎಂದಿರುವಲ್ಲಿ ಇನ್ನು ಏನೆಂದು ಓದಬೇಕು ಎಂಬುದನ್ನು ಯಾರಾದರೂ ಕುಳಿತು ಬರೆಯಬೇಕಿತ್ತು. ಬಿಜಾಪುರದ ಕಾಲೇಜಿನಲ್ಲಿ ಓದಿದ್ದ, ಅಕ್ಷರ ದುಂಡಗಿದ್ದ ಬಸಂತರಾಯರನ್ನು ಕೂಡಿಸಿದರು. ಜೊತೆಗೆ ಗುರಣ್ಣನನ್ನು.

ಇಬ್ಬರೂ ಒಂದೇ ದಿನ ನೌಕರಿಗೆ ಸೇರಿದವರು, ಮದುವೆಯಾಗುವವರೆಗೆ ಒಂದೇ ಕೋಣೆಯಲ್ಲಿದ್ದವರು. ನಾಲ್ಕು ತಿಂಗಳು ಕುಳಿತು ಹುಕುಮುಗಳ ರಜಿಸ್ಟರನ್ನು ಮೂಲ ಕಾಗದಗಳೊಂದಿಗೆ ಹೋಲಿಸಿದರು. ಗುರಣ್ಣ ಓದಬೇಕು, ಬಸಂತರಾಯರು 'ಮೂಲ ಕಂಡು, ಚಾಲ್ತಿ' ಎಂದು ಬರೆಯಬೇಕು, ಇಬ್ಬರೂ ಸಹಿ ಮಾಡಬೇಕು. 1962ರಲ್ಲಿ ಗೆದ್ದಲು ಹಿಡಿದು ಆ ಮೂಲ ಕಾಗದಗಳ ಎರಡು ಗಂಟು ಮಣ್ಣಾದವು. ನಕಲಿಗಾಗಿ ಜಿಲ್ಲೆಗೆ ಬರೆದರೆ ಮುಂಬೈಗೆ ಬರೆಯಿರಿ ಎಂದರು. ಅಲ್ಲಿಗೆ ಬರೆದರೆ ನಿಮ್ಮ ಕಾಗದ ನಿಮಗೇ ಕೊಟ್ಟಿದ್ದೇವೆ ಎಂದರು. ಅಂದಿನಿಂದ ಆ ಎರಡು ಗಂಟಿನ ಹುಕುಮುಗಳಿಗೆ ರಜಿಸ್ಟರಿನ ಬರಹವೊಂದೇ ಆಧಾರ. ಈ ಸಂಗತಿಯನ್ನು ಪೂರ್ತಿ ಬಲ್ಲವರು ಅವರಿಬ್ಬರೇ.

ಹಳೆಯ ಬರಹದ ಮೇಲೆ ತಿದ್ದುಪಡಿಯ ಚೀಟಿಗಳನ್ನು ಅಂಟಿಸುವುದರಲ್ಲಿ ಬಸಂತರಾಯರಿಗೆ ತಮ್ಮದೇ ಒಂದು ಶಿಸ್ತಿತ್ತು. ಕಾಗದವನ್ನು ಕಣ್ಣಾರೆ ಕಂಡಿದ್ದರೆ ಚೀಟಿಯ ನಾಲ್ಕೂ ಅಂಚಿಗೆ ಅಂಟು. ಕಿವಿಯಿಂದ ಕೇಳಿದ್ದಷ್ಟೇ ಆಗಿದ್ದರೆ ಪೆನ್ಸಿಲಿನಲ್ಲಿ ಬರೆದು ಒಂದೇ ಅಂಚಿಗೆ ಅಂಟು. ಕಾಗದ ಬರುವವರೆಗೆ ಅದು ಕದದಂತೆ ತೆರೆದು ಮುಚ್ಚುತ್ತಿತ್ತು. "ರಾಯರು ಇನ್ನೂ ಅಗಳಿ ಹಾಕಿಲ್ಲ ನೋಡ್ರೆಪಾ" ಎಂದು ಕಚೇರಿಯವರು ನಗುತ್ತಿದ್ದರು. ಹದಿನೇಳು ವರ್ಷ ಹಾಗೆಯೇ ನಡೆಯಿತು. 1973ರ ನವೆಂಬರಿನಲ್ಲಿ ಮೈಸೂರು ಕರ್ನಾಟಕವಾಯಿತು. ಬಸಂತರಾಯರು ಮತ್ತೆ ಮೊದಲ ಪುಟದಿಂದ ಆರಂಭಿಸಿದರು.

ಅವರು ಹಾಗೆ ಅರ್ಧದಲ್ಲಿದ್ದಾಗ, ಮರುವರ್ಷದ ಫೆಬ್ರವರಿಯ ಒಂದು ಮಧ್ಯಾಹ್ನ ಗುರಣ್ಣ ಮೇಜಿನ ಬಳಿಗೆ ಬಂದು ನಿಂತ. ಆಗಲೇ ಅವನು ಶಿರಸ್ತೇದಾರನಾಗಿದ್ದ.

"ರಾಯಾ, ಹಟ್ಟಿಹಾಳದ ಗಾಯರಾನ ರದ್ದಾಗೇತಿ. ಚೀಟಿ ಬರದು ಹಚ್ಚಿಬಿಡು."

ಹಟ್ಟಿಹಾಳದ ಕುರುಬರ ಕುರಿಗಳು ಮೇಯಲೆಂದು ಮುಂಬೈ ಸರಕಾರದ ಕಾಲದಲ್ಲಿ ಬಿಟ್ಟಿದ್ದ ಹದಿನಾಲ್ಕು ಎಕರೆ ಅದು. ನಡುವೆ ಒಂದು ಸೇದುಬಾವಿ, ಕುರಿ ನೀರು ಕುಡಿಯುವ ಕಲ್ಲದೋಣಿ.

"ಹುಕುಂ ಎಲ್ಲೈತಿ?" ಎಂದರು ಬಸಂತರಾಯರು.

"ನನ್ನ ಚೀಲದಾಗೈತಿ, ಚೀಲ ಮನ್ಯಾಗೈತಿ. ಸಾಹೇಬ್ರು ಊಟಕ್ಕ ಏಳೂದ್ರಾಗ ಫಾಯಿಲ ಬೇಡ್ಯಾರ. ನಾ ನೋಡೇನಿ ಅಂದ್ರ ಸಾಲೂದಿಲ್ಲೇನು? ಒಂದ ಕೋಣ್ಯಾಗ ಉಂಡ ಮಲಗಿದವರು, ಒಂದ ಸುಳ್ಳ ಹೇಳಿದ್ದು ನೆನಪೈತೇನು ನಿನಗ?"

ನೆನಪಿರಲಿಲ್ಲ. ಬಸಂತರಾಯರು ಮಸಿಯಲ್ಲಿ 'ಮೂಲ ಕಂಡು, ರದ್ದು' ಎಂದು ಬರೆದು ಸಹಿ ಮಾಡಿದರು. ಅಂಟಿನ ಬಟ್ಟಲಿಗೆ ಹೋದ ಬೆರಳು ಮಾತ್ರ ರೂಢಿಯಂತೆ ಒಂದೇ ಅಂಚನ್ನು ಸವರಿತು. ಅವರು ಅದನ್ನು ಗಮನಿಸಿದರು. ನಾಳೆ ಕಾಗದ ನೋಡಿ ಉಳಿದ ಮೂರು ಅಂಚನ್ನು ಅಂಟಿಸಿದರಾಯಿತು ಎಂದುಕೊಂಡು ರಜಿಸ್ಟರನ್ನು ಮುಚ್ಚಿದರು.

ಹತ್ತು ದಿನದ ಮೇಲೆ ಹಟ್ಟಿಹಾಳದ ಮುದುಕಿ ಹುಚ್ಚವ್ವ ಮೈದುನ ಮಾಳಿಂಗಪ್ಪನನ್ನು ಕರೆದುಕೊಂಡು ಕಚೇರಿಗೆ ಬಂದಳು. ಜಾಗ ಬಿಡಬೇಕೆಂದು ಅವರಿಗೆ ನೋಟೀಸು ಮುಟ್ಟಿತ್ತು.

"ಸಾಹೇಬ್ರ, ನನಗ ಓದಾಕ ಬರೂದಿಲ್ಲ. ಆ ಬರದದ್ದು ನಿಮ್ಮ ಕೈಯಂದು ಹೌದೋ ಅಲ್ಲೋ, ಅಷ್ಟ ಹೇಳ್ರಿ."

"ನಂದ ಐತಿ."

"ಮುಗೀತು. ನಡೀಯೋ ಮಾಳಿಂಗಾ, ವಕೀಲನ ಮನಿ ಬ್ಯಾಡ. ಇವರು ನೋಡದ ಬರಿಯೂ ಮನಷ್ಯಾ ಅಲ್ಲ."

ಮಾಳಿಂಗಪ್ಪನಿಗೆ ಒಪ್ಪಿಗೆಯಿರಲಿಲ್ಲ. "ಒಂದ ಮಾತ ವಕೀಲನ್ನ ಕೇಳೂನು ಯಕ್ಕಾ" ಎಂದ. "ಕೇಳಿ ಅಂವಗ ಒಂದು ಟಗರ ಕೊಡ್ತಿಯೇನು?" ಎಂದು ಮುದುಕಿ ಮೆಟ್ಟಿಲಿಳಿದಳು. ಆ ವಾರವೇ ಅವರು ಗಾಯರಾನದಿಂದ ಕುರಿಹಟ್ಟಿ ಕಿತ್ತರು.

ಬಸಂತರಾಯರು ದಿನವೂ ಹುಕುಮನ್ನು ಕೇಳಿದರು, ಗುರಣ್ಣ ದಿನವೂ ನಾಳೆ ಎಂದ. ಒಂದು ತಿಂಗಳು ಕಳೆದ ಮೇಲೆ ಅವರು ಟಪಾಲಿನ ಪುಸ್ತಕವನ್ನು ತೆಗೆದು ಹಿಂದಿನ ಆರು ತಿಂಗಳನ್ನು ಸಾಲುಸಾಲಾಗಿ ಓದಿದರು. ಅಂಥ ಕಾಗದ ಬಂದೇ ಇರಲಿಲ್ಲ. ಅದೇ ಜಾಗವನ್ನು ಕೊಡಬೇಕೆಂಬ ಒಂದು ಅರ್ಜಿ ಮಾತ್ರ ಬಂದಿತ್ತು. ಅರ್ಜಿದಾರ ಗುರಣ್ಣನ ಹೆಂಡತಿಯ ತಮ್ಮ.

ದಫ್ತರದ ಕೋಣೆಯಲ್ಲಿ ಇಬ್ಬರೇ ಇದ್ದಾಗ ಅವರು ಹೇಳಿದರು: "ಗುರಣ್ಣಾ, ಆ ಹುಕುಂ ಇಲ್ಲ."

"ಇಲ್ಲಂದ್ರ ಏನಾತು? ಮೊದಲಿಂದರ ಎಲ್ಲೈತಿ? ಗೆದ್ದಲ ತಿಂದು ಹನ್ನೆರಡ ವರ್ಷಾತು. ಮುಂಬೈಯವರಿಗೆ ಅದರ ನೆನಪಿಲ್ಲ, ಬೆಂಗಳೂರವರಿಗೆ ಅದು ಗೊತ್ತ ಇಲ್ಲ."

"ಅದಕ್ಕಂತನ ಅದನ್ನ ಆರಿಸಿದಿ."

ಗುರಣ್ಣ ಕಿಟಕಿಯ ಕಡೆ ತಿರುಗಿದ. "ಹೊಲ ಕುರಿ ತಿಂದ್ರೂ ಅಷ್ಟ, ಮನಷ್ಯಾರ ಉತ್ತರೂ ಅಷ್ಟ. ನೀ ಸುಮ್ಮನಿರು. ಬರದಾಂವ ನೀನ ಅದಿ. ನಂದೆಲ್ಲೂ ಸಹಿ ಇಲ್ಲ."

ಬಸಂತರಾಯರಿಗೆ ಆಗ ಸಿಟ್ಟು ಬರಲಿಲ್ಲ. ಗೆದ್ದಲಿನ ಸಂಗತಿ ಗುರಣ್ಣನಿಗೆ ಗೊತ್ತಿದ್ದುದು ದೊಡ್ಡ ಮಾತಲ್ಲ. ಹಳೆಯ ಕೋಣೆಯ ಮಾತನ್ನೆತ್ತಿದರೆ ಈ ಮನುಷ್ಯ ಎರಡನೆಯ ಸಲ ಕಾಗದ ಕೇಳುವುದಿಲ್ಲ ಎಂಬುದೂ ಅವನಿಗೆ ಗೊತ್ತಿತ್ತು. ಅಷ್ಟು ವರ್ಷದ ಸ್ನೇಹದಿಂದ ಅವನು ಕಲಿತಿಟ್ಟುಕೊಂಡದ್ದು ಅದನ್ನು.

ಮೇಲ್ಮನವಿಗೆ ಅರವತ್ತು ದಿನದ ಅವಧಿ, ನಲವತ್ತೊಂದು ಕಳೆದಿದ್ದವು. ಆ ಭಾನುವಾರ ಅವರು ಹಟ್ಟಿಹಾಳಕ್ಕೆ ನಡೆದು ಹೋದರು. ಹುಚ್ಚವ್ವ ಕಂಬಳಿಯ ನೂಲು ತೆಗೆಯುತ್ತಿದ್ದಳು. ಅವರು ನಿಂತುಕೊಂಡೇ ಎಲ್ಲವನ್ನೂ ಹೇಳಿದರು. ಅವಳು ಕದರಿನ ಎಳೆ ಮುಗಿಸಿದಳು.

"ಗುರಣ್ಣ ಮೋಸ ಮಾಡಿದ ಅಂತೀರಿ. ಅಂವ ಮಾಡಿದ್ದು ನಿಮಗರಿ. ನಮಗ ಮಾಡಿದವರು ನೀವು."

"ಹೌದ್ ಬೇ. ಇಂಡಿಗೆ ಬಂದು ಇದನ್ನ ಪ್ರಾಂತ ಸಾಹೇಬ್ರ ಮುಂದ ಹೇಳ್ತೇನಿ."

"ನೌಕರಿ?"

"ಅದನ್ನ ಅವರು ನೋಡ್ತಾರ."

"ಮಾಳಿಂಗಾ, ಕೂಡಾಕ ಏನರ ಹಾಸು" ಎಂದಳು ಮುದುಕಿ.

ಹಟ್ಟಿಹಾಳದವರ ಮೇಲ್ಮನವಿ ಇಂಡಿಯಲ್ಲಿ ವಿಚಾರಣೆಗೆ ಬಂದದ್ದು ಏಪ್ರಿಲ್ ಕೊನೆಯಲ್ಲಿ. ಉಪವಿಭಾಗದ ಅಧಿಕಾರಿಯಾಗಿದ್ದ ಪ್ರಾಂತ ಸಾಹೇಬರು ಚಿಕ್ಕ ವಯಸ್ಸಿನವರು, ದಕ್ಷಿಣದ ಕಡೆಯವರು. ತಾನು ಯಾವ ಮಾತನ್ನೂ ಹೇಳಿಲ್ಲವೆಂದು ಗುರಣ್ಣ ನೆಟ್ಟಗೆ ನಿಂತು ಹೇಳಿದ. ಬಾಯಿಮಾತಿಗೆ ಸಾಕ್ಷಿ ಇರಲಿಲ್ಲ. ಸಾಹೇಬರು ರಜಿಸ್ಟರನ್ನು ಎಳೆದುಕೊಂಡು ನೋಡುವಾಗ ಫ್ಯಾನಿನ ಗಾಳಿಗೆ ಆ ಚೀಟಿ ಮೇಲೆದ್ದಿತು. ಬೆರಳಿನಿಂದ ಅದನ್ನು ತಡೆದು ಹಿಂದಿನ ಪುಟಗಳನ್ನು ತಿರುವಿದರು.

"ಉಳಿದವೆಲ್ಲ ಪೂರ್ತಿ ಅಂಟಿವೆಯಲ್ಲ. ಇದೇಕೆ ಒಂದೇ ಅಂಚಿಗೆ?"

"ನೋಡದ ಕಾಗದದ ಚೀಟಿ ನಾ ಹಂಗ ಹಚ್ಚತೇನ್ರಿ."

"ಹಾಗಾದರೆ ನೋಡಿಲ್ಲ ಎಂದು ಗೊತ್ತಿದ್ದೇ 'ಮೂಲ ಕಂಡು' ಎಂದು ಬರೆದಿರಿ."

"ಹೌದ್ರಿ."

ಸಾಹೇಬರು ಚೀಟಿಯನ್ನು ಪೂರ್ತಿ ಎತ್ತಿದರು. ಕೆಳಗೆ 1956ರ ಬರಹ ಒಂದಕ್ಷರವೂ ಮಾಸದೆ ಇತ್ತು: 'ಮೂಲ ಕಂಡು, ಚಾಲ್ತಿ.' ಪಕ್ಕದಲ್ಲಿ ಎರಡು ಸಹಿ. "ಇದು ನಿಮ್ಮದೇ?" ಎಂದು ಅವರು ಗುರಣ್ಣನನ್ನು ಕೇಳಿದರು. ಗುರಣ್ಣ ಬಗ್ಗಿ ಬಹಳ ಹೊತ್ತು ನೋಡಿದ. ತನ್ನದೆಂದು ಒಪ್ಪದೆ ಗತಿಯಿರಲಿಲ್ಲ.

ಹಳೆಯ ಹುಕುಮು ಇನ್ನೂ ಜೀವಂತವಾಗಿದೆ, ಗಾಯರಾನ ಕುರಿಗಳಿಗೇ ಸೇರತಕ್ಕದ್ದು ಎಂದು ತೀರ್ಪಾಯಿತು. ಕಾಣದ್ದನ್ನು ಕಂಡೆನೆಂದು ಬರೆದ ತಪ್ಪಿಗೆ ಬಸಂತರಾಯರ ಎರಡು ವರ್ಷದ ವೇತನ ಬಡ್ತಿ ನಿಂತಿತು, ಮುದ್ದೇಬಿಹಾಳಕ್ಕೆ ವರ್ಗವಾಯಿತು. ಅವರಿಗೆ ಇದು ನ್ಯಾಯವಾಗಿಯೇ ಕಂಡಿತು. ಸಾಕ್ಷಿ ಇಲ್ಲದ್ದರಿಂದ ಗುರಣ್ಣ ಶಿರಸ್ತೇದಾರನಾಗಿಯೇ ಉಳಿದ. ಮೂರನೆಯ ಆಜ್ಞೆ ಜೂನಿನಲ್ಲಿ ಮೇಲಿನಿಂದ ಬಂತು. ಸದರಿ ಕಾರಕೂನರು ಹದಿನೇಳು ವರ್ಷ ಅಂಟಿಸಿದ ಎಲ್ಲ ಚೀಟಿಗಳೂ ಸಂಶಯಾಸ್ಪದವಾಗಿರುವುದರಿಂದ, ಪ್ರತಿಯೊಂದನ್ನೂ ಕಚೇರಿಯ ಶಿರಸ್ತೇದಾರರು ಪರಿಶೀಲಿಸಿ ದೃಢೀಕರಿಸತಕ್ಕದ್ದು. ಬಸಂತರಾಯರು ಅದನ್ನು ಎರಡು ಸಲ ಓದಿ, ಟಪಾಲಿನ ಪುಸ್ತಕದಲ್ಲಿ ತಾವೇ ದಾಖಲು ಮಾಡಿ, ಶಿರಸ್ತೇದಾರನ ಮೇಜಿನ ಮೇಲಿಟ್ಟರು.

ಹೊರಡುವ ದಿನ ಬಸವನ ಬಾಗೇವಾಡಿಯ ಮೇಲೆ ಮುದ್ದೇಬಿಹಾಳಕ್ಕೆ ಹೋಗುವ ಬಸ್ಸಿಗಾಗಿ ಕಾಯುತ್ತಿದ್ದಾಗ ಗುರಣ್ಣ ಬಂದ. ಅವನ ಕೈಯಲ್ಲಿ ಬಟ್ಟೆಯ ಗಂಟಿತ್ತು.

"ಸುಮ್ಮನಿದ್ದಿದ್ರ ಇಲ್ಲೇ ಪೆನ್ಶನಿ ತೊಗೊಳ್ತಿದ್ದಿ. ಹಟ ನಿಂದು" ಎಂದ. ಆಮೇಲೆ ಗಂಟನ್ನು ಮುಂದೆ ಹಿಡಿದ. "ನಮ್ಮಾಕಿ ರೊಟ್ಟಿ ಕಟ್ಯಾಳ. ರೊಟ್ಟಿ, ಶೇಂಗಾ ಹಿಂಡಿ."

ಬಸಂತರಾಯರು ಗಂಟನ್ನು ಕಲ್ಲುಕಟ್ಟೆಯ ಮೇಲಿಟ್ಟು, ಬಟ್ಟೆಯ ನಾಲ್ಕೂ ಮೂಲೆಗಳನ್ನು ಬಿಚ್ಚಿ ನೋಡಿದರು. ರೊಟ್ಟಿ ಇದ್ದವು, ಹಿಂಡಿ ಇತ್ತು.

"ನಾ ಹೇಳಿದ ಮ್ಯಾಲೂ ಬಿಚ್ಚಿ ನೋಡ್ತಿಯಲ್ಲೋ ರಾಯಾ" ಎಂದ ಗುರಣ್ಣ. ಅವನ ದನಿ ಸ್ವಲ್ಪ ಇಳಿದಿತ್ತು.

"ನೋಡ್ತೇನಿ" ಎಂದರು ಬಸಂತರಾಯರು. ಮೂಲೆಗಳನ್ನು ಮೊದಲಿದ್ದಂತೆಯೇ ಕಟ್ಟಿ, ಗಂಟನ್ನು ಅವನ ಕೈಗೆ ಮರಳಿ ಕೊಟ್ಟು, ಬಸ್ಸು ಹತ್ತಿದರು.