ಬಾಣೆಯ ಮರಕ್ಕೆ ಸುತ್ತಿದ ಬಳ್ಳಿ

ಎರಡು ವರ್ಷದ ಹಿಂದೆ, ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತರಲ್ಲಿ, ನಾನು ಮೈಸೂರಿನಲ್ಲಿ ಚರಿತ್ರೆಯ ಎಂ.ಎ. ಓದುತ್ತಿದ್ದೆ. ಬೇಸಿಗೆ ರಜೆಗೆ ಮುಂಚೆ ನಮ್ಮ ಮೇಷ್ಟ್ರು ಒಂದು ಪ್ರಬಂಧ ಬರೆಯಲು ಹೇಳಿದರು: ಹಿಂದಿನವರು ಮುಂದಿನವರಿಗೆಂದು ನೆಲದಲ್ಲಿ ಏನನ್ನು ಉಳಿಸಿದರು, ಹೇಗೆ ಉಳಿಸಿದರು.

ಇದು ಸಸ್ಯಶಾಸ್ತ್ರದವರ ವಿಷಯವಲ್ಲವೇ ಎಂದು ಯಾರೋ ಕೇಳಿದರು.

"ಕಾಡು ಹೇಗೆ ಬೆಳೆಯುತ್ತೆ ಅನ್ನೋದು ಅವರ ವಿಷಯ. ಕೈಯಲ್ಲಿ ಕತ್ತಿ ಇದ್ದೂ ಮನುಷ್ಯ ಯಾಕೆ ಕಡಿಯದೆ ಬಿಟ್ಟ ಅನ್ನೋದು ನಮ್ಮದು" ಎಂದರು ಮೇಷ್ಟ್ರು. ಚೆನ್ನಾಗಿ ಬರೆದ ಒಬ್ಬರನ್ನು ತಮ್ಮ ಬಳಿ ಸಂಶೋಧನೆಗೆ ಇಟ್ಟುಕೊಳ್ಳುವುದಾಗಿಯೂ ಹೇಳಿದರು. ಆ ಒಬ್ಬಳು ನಾನೇ ಎಂದು ಯಾರಿಗೂ ಹೇಳದೆ ತೀರ್ಮಾನಿಸಿಕೊಂಡೆ.

ರಜೆಯಲ್ಲಿ ನನ್ನ ತರಗತಿಯವಳೇ ಆದ ಹಾಸ್ಟೆಲಿನ ಗೆಳತಿಯೊಬ್ಬಳು ಕೊಡಗಿನ ನಮ್ಮ ಮನೆಗೆ ಬಂದಳು. ಬಯಲುಸೀಮೆಯವಳು, ಕಾಡು ಕಂಡವಳಲ್ಲ. ಎರಡೇ ದಿನದಲ್ಲಿ ಅಜ್ಜಿ ಬಿಸಿ ರೊಟ್ಟಿಗೆ ಬೆಣ್ಣೆ ಹಚ್ಚಿ ಮೊದಲು ಅವಳ ತಟ್ಟೆಗೆ ಹಾಕತೊಡಗಿದರು. ಅದನ್ನು ನಾನು ಗಮನಿಸಲಿಲ್ಲ ಎಂದರೆ ಸುಳ್ಳಾದೀತು.

ಗದ್ದೆಯ ಮೇಲಿನ ಇಳಿಜಾರಿನ ಕಾಡಿಗೆ ನಮ್ಮಲ್ಲಿ ಬಾಣೆ ಎನ್ನುತ್ತಾರೆ. ಗದ್ದೆಗೆ ಸೊಪ್ಪು, ಒಲೆಗೆ ಸೌದೆ ಅಲ್ಲಿಂದಲೇ. ಮೊದಲ ಮಳೆಯ ನಂತರ ಅಜ್ಜಿ ಸೊಪ್ಪು ಕಡಿಸುತ್ತಿದ್ದಾಗ ಗೆಳತಿ ಒಂದು ಮರದ ಮುಂದೆ ನಿಂತಳು. ಅದರ ಬುಡಕ್ಕೆ ಕಡಿದ ಬಳ್ಳಿಯೊಂದನ್ನು ಸುತ್ತಿ ಕಟ್ಟಿದ್ದರು.

"ಇದ್ಯಾಕಜ್ಜಿ ಕಟ್ಟಿರೋದು?"

"ದೇವರ ಹರಕೆ" ಎಂದು ನಾನೇ ಉತ್ತರಿಸಿದೆ. ಚಿಕ್ಕಂದಿನಿಂದ ಹಾಗೆಂದೇ ನಂಬಿದ್ದೆ.

ಅಜ್ಜಿ ನಕ್ಕರು. "ಯಾವ ದೇವರಿಗೆ ಮಗಾ? ಸೊಪ್ಪು ಕೊಟ್ಟ ಮರ ಅದ್. ಬಳ್ಳಿ ತಾನಾಗೇ ಕೊಳೆತು ಬೀಳೋವರೆಗೆ ಯಾರೂ ಕತ್ತಿ ಇಡಿಕೆ ಇಲ್ಲೆ." ಗೆಳತಿಯ ಕಡೆ ತಿರುಗಿ, "ಓದಿಕೆ ಹೋದ ಗೂಡೆಗೆ ಅಷ್ಟೂ ಗೊತ್ತಿಲ್ಲೆ ನೋಡ್" ಎಂದರು. ಗೂಡೆ ಎಂದರೆ ನಮ್ಮ ಮಾತಿನಲ್ಲಿ ಹುಡುಗಿ.

"ಹಾಗಾದ್ರೆ ಮರಕ್ಕೂ ರಜೆ ಅನ್ನಿ" ಎಂದಳು ಗೆಳತಿ. ಇಬ್ಬರೂ ನಕ್ಕರು. ಆಮೇಲೆ ಸಂಜೆಯೆಲ್ಲ ಅವಳು ಕೇಳಿದಳು, ಅಜ್ಜಿ ಹೇಳಿದರು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ನಾನು ಕೇಳಿಯೇ ಇರದ ಮಾತು. ನಾನು ಒಳಗೆ ಕೂತು ಅರಸರ ಕಾಲದ ಭೂಹಿಡುವಳಿಯ ಬಗ್ಗೆ ನನ್ನ ಪ್ರಬಂಧದ ಶುದ್ಧಪ್ರತಿ ಬರೆದೆ. ಅಡಿಟಿಪ್ಪಣಿಗಳು ಒಂದೂ ತಪ್ಪಿರಲಿಲ್ಲ.

ಕಾಲೇಜು ತೆರೆದ ಮೇಲೆ ಮೇಷ್ಟ್ರು ತರಗತಿಯಲ್ಲಿ ಓದಿಸಿದ್ದು ಅವಳ ಪ್ರಬಂಧವನ್ನು. ನನ್ನದರ ಕೊನೆಯಲ್ಲಿ 'ಶಿಸ್ತಿನ ಬರಹ' ಎಂದು ಕೆಂಪು ಶಾಯಿಯಲ್ಲಿ ಬರೆದಿದ್ದರು.

ಅವಳು ಓದಿ ಮುಗಿಸಿದಾಗ ಮೇಷ್ಟ್ರು ಕೇಳಿದರು, "ಆ ಬಳ್ಳಿ ಬೀಳೋಕೆ ಎಷ್ಟು ವರ್ಷ ಬೇಕು?"

ಅವಳು ನನ್ನ ಕಡೆ ಕೈ ತೋರಿಸಿದಳು. "ಅದನ್ನ ಇವಳು ಹೇಳಬೇಕು ಸಾರ್. ಬಾಣೆ ಇವಳದು."

ಅವಳ ಮುಖದಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ಎದ್ದು ನಿಂತು, ಗೊತ್ತಿಲ್ಲ ಎಂದೆ.

ಪರೀಕ್ಷೆ ಮುಗಿದ ಮೇಲೆ ಸಂಶೋಧನೆಗೆ ಅವಳೇ ಸೇರಿದಳು. ನಾನು ಊರಿಗೆ ಬಂದೆ. ಅವಳ ಕಾಗದ ಬಂತು: ಬಳ್ಳಿಯ ಲೆಕ್ಕ ಅಜ್ಜಿಯನ್ನು ಕೇಳಿ ತಪ್ಪದೆ ಬರಿ, ಅದಿಲ್ಲದೆ ಅಧ್ಯಾಯ ನಿಂತಿದೆ.

ಅಜ್ಜಿ ಅಡುಗೆಮನೆಯಲ್ಲೇ ಇದ್ದರು. ನಾನು ಕೇಳಲಿಲ್ಲ. ಆ ಸಲ ಸೊಪ್ಪು ಕಡಿದ ಮರವೊಂದಕ್ಕೆ ನಾನೇ ಬಳ್ಳಿ ಸುತ್ತಿ ಬಂದೆ. ವರ್ಷ ಕಳೆದು ಮೊನ್ನೆ ಹೋಗಿ ನೋಡಿದೆ. ಬಳ್ಳಿ ಒಣಗಿದೆ, ಬೆರಳು ತೂರಿಸುವಷ್ಟೂ ಸಡಿಲವಾಗಿಲ್ಲ. ಅವಳ ಕಾಗದ ನನ್ನ ಪೆಟ್ಟಿಗೆಯಲ್ಲಿದೆ. ಬಳ್ಳಿ ಬಿದ್ದ ದಿನ ಉತ್ತರ ಬರೆಯುತ್ತೇನೆ.