ದಾರ ಕಟ್ಟಿದ ಕ್ಯಾಸೆಟ್‌ಗಳ ಸರ್ವಮಂಗಳಾ ಮೇಡಂ

ಚಾಮರಾಜಪೇಟೆಯ ನಮ್ಮ ಪ್ರೌಢಶಾಲೆಯಲ್ಲಿ ಮೂವತ್ತನಾಲ್ಕು ವರ್ಷ ಸಮಾಜ ವಿಜ್ಞಾನ ಬೋಧಿಸಿ ಈ ತಿಂಗಳು ನಿವೃತ್ತರಾಗುತ್ತಿರುವ ಶ್ರೀಮತಿ ಸರ್ವಮಂಗಳಾ ಅವರು ಪ್ರಶಸ್ತಿಗಳ ಹಿಂದೆ ಹೋದವರಲ್ಲ, ಪಠ್ಯಪುಸ್ತಕ ಸಮಿತಿಗಳಲ್ಲಿ ಕುಳಿತವರೂ ಅಲ್ಲ. ಆದರೆ ಅಕ್ಷರ ಕಂಡರೆ ಬೆವರುವ ಮಕ್ಕಳನ್ನು ಕೈಹಿಡಿದು ನಡೆಸಿದವರ ಹೆಸರು ಬರೆಯಹೊರಟರೆ, ಈ ಪೇಟೆಯ ಮಟ್ಟಿಗಂತೂ, ಮೊದಲ ಹೆಸರು ಅವರದೇ. ಡಿಸ್ಲೆಕ್ಸಿಯಾ ಎಂಬ ಪದ ನಮ್ಮ ಸ್ಟಾಫ್ ರೂಮಿನ ಹೊಸಿಲು ದಾಟುವ ಎಷ್ಟೋ ಮೊದಲೇ ಅವರು ಅದರೊಂದಿಗೆ ಏಗಿದ್ದರು.

೧೯೯೭ರಲ್ಲಿ ಎಂಟನೇ ತರಗತಿಯಲ್ಲಿ ಹಂಸಾ ಎಂಬ ಹುಡುಗಿಯಿದ್ದಳು. ಬಾಯಲ್ಲಿ ಕೇಳಿದರೆ ಪಟಪಟನೆ ಉತ್ತರ. ಪುಸ್ತಕ ಕೊಟ್ಟರೆ ಕಣ್ಣಲ್ಲಿ ನೀರು. ನಾವೆಲ್ಲ ಅವಳನ್ನು ದಡ್ಡಿ ಎಂದು ಕರೆದೆವು. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೂ ಕರೆದೆವು. ಸರ್ವಮಂಗಳಾ ಮಾತ್ರ ಡ್ರಿಲ್ ಮೇಷ್ಟ್ರು ಮಾಯಣ್ಣನವರ ಟೇಪ್ ರೆಕಾರ್ಡರನ್ನು ಕಾಡಿ ಬೇಡಿ ತಂದು, ಶಾಲೆ ಬಿಟ್ಟ ಮೇಲೆ ಭೂಪಟಗಳ ಕೋಣೆಯಲ್ಲಿ ಕುಳಿತು ಇಡೀ ಪಠ್ಯವನ್ನು ತಮ್ಮ ದನಿಯಲ್ಲಿ ಕ್ಯಾಸೆಟ್‌ಗಳಿಗೆ ತುಂಬಿಸಿದರು. ಅವುಗಳ ಮೇಲೆ ಹೆಸರು ಬರೆದಂಟಿಸಿದರೆ ಮಗು ಓದುವುದೆಂತು? ಅದಕ್ಕೇ ಒಂದೊಂದಕ್ಕೂ ಬಣ್ಣದ ದಾರ ಕಟ್ಟಿದರು. ಚರಿತ್ರೆಗೆ ಕೆಂಪು ದಾರ, ಭೂಗೋಳಕ್ಕೆ ಹಸಿರು, ಪೌರನೀತಿಗೆ ಹಳದಿ. ಆ ಕ್ಯಾಸೆಟ್‌ಗಳಲ್ಲಿ ಪಾಠದ ಜೊತೆಗೆ ಸಂಜೆಯ ಆಜಾನ್ ಇದೆ, ಬೀದಿಯ ಹೂವಿನವಳ ಕೂಗಿದೆ. ಪ್ರತಿ ಬದಿಯ ಕೊನೆಗೂ ಅದೇ ಮಾತು: “ಇಲ್ಲಿಗೆ ಸಾಕು ಹಂಸಾ. ನೀರು ಕುಡಿದು ಬಾ, ನಾನಿಲ್ಲೇ ಇರ್ತೀನಿ.”

ಹಂಸಾ ಎಸ್ಸೆಸ್ಸೆಲ್ಸಿ ದಾಟಿದಳು. ಮೇಡಂ ಅವಳನ್ನು ವಿಶ್ವೇಶ್ವರಪುರಂನ ತಿಂಡಿ ಬೀದಿಗೆ ಕರೆದೊಯ್ದು ಬಿಸಿ ಹೋಳಿಗೆ ಕೊಡಿಸಿದರು. ಮುಂದೆ ಮದುವೆ, ಮಕ್ಕಳು, ಮನೆಯಲ್ಲೇ ಹೊಲಿಗೆ. ನಲವತ್ತರ ಹೊತ್ತಿಗೆ, ಹಿಡಿದ ಪುಟವನ್ನೆಲ್ಲ ಗಟ್ಟಿಯಾಗಿ ಓದಿ ಹೇಳುವ ಕೃತಕ ಬುದ್ಧಿಮತ್ತೆಯ ಆ್ಯಪ್ ಕೈಗೆ ಬಂದಾಗ ಅವಳು ಓಡಿಬಂದದ್ದು ಮೇಡಂ ಬಳಿಗೇ. “ಮೇಡಂ, ಫೋನೇ ಓದ್ತಿದೆ! ಇನ್ನು ನನ್ನ ಹಿಡಿಯೋರೇ ಇಲ್ಲ!” ತನ್ನಂಥ ಮಕ್ಕಳಿಗೆ ಕಲಿಸಬೇಕೆಂದು ಡಿಪ್ಲೊಮಾಗೂ ಸೇರಿದಳು.

ಕಳೆದ ವರ್ಷ ಅಲ್ಲಿ ತಾನು ಕಲಿತ ಬಗೆಯ ಕುರಿತು ಒಂದು ಪ್ರಬಂಧ ಬರೆಯಬೇಕಾಗಿತ್ತು. ಅವಳು ಹೇಳುತ್ತ ಹೋದಳು. ಆ್ಯಪ್ ಬರೆದುಕೊಂಡು, ತಿದ್ದಿ, ನುಣುಪು ಮಾಡಿ ಕೊಟ್ಟಿತು. ಸಂಸ್ಥೆಯವರ ಇನ್ನೊಂದು ಸಾಫ್ಟ್‌ವೇರ್ ಅದನ್ನು ಪರೀಕ್ಷಿಸಿ, ಇದು ಮನುಷ್ಯರು ಬರೆದದ್ದಲ್ಲ ಎಂದಿತು. ವಾರದೊಳಗೆ ಸಮಜಾಯಿಷಿ ಕೊಡದಿದ್ದರೆ ಕೋರ್ಸಿನಿಂದ ಹೊರಗೆ ಎಂದು ನೋಟಿಸ್ ಬಂತು. ಹಂಸಾ ಬಸವನಗುಡಿಯಲ್ಲಿರುವ ಮೇಡಂ ಮನೆಗೆ ನೋಟಿಸನ್ನೂ ಪ್ರಬಂಧವನ್ನೂ ಹಿಡಿದು ಬಂದಳು. ಮೇಡಂ ಪ್ರಬಂಧವನ್ನು ಎರಡು ಸಲ ಓದಿದರು.

“ಇದು ನೀನೇ ಬರೆದಿದ್ದೇನಮ್ಮಾ?”

“ನೀವೂನಾ ಮೇಡಂ?”

ಮೇಡಂಗೆಂದು ತರುತ್ತಿರುವ ಈ ಅಭಿನಂದನ ಗ್ರಂಥದಲ್ಲಿ ಇದೇಕೆ ಎಂದು ನಾವು ಈ ಭಾಗ ಕೈಬಿಡಲು ಹೊರಟಿದ್ದೆವು. ಸರ್ವಮಂಗಳಾ ಸಿಡಿದೆದ್ದರು. “ಅದನ್ನ ಬಿಟ್ಟು ಬರೆಯೋದಾದ್ರೆ ನನ್ನ ಹೆಸರಲ್ಲಿ ಪುಸ್ತಕಾನೇ ಬೇಡ ಕಣ್ರೀ!” ಅಷ್ಟು ವರ್ಷ ಅವಳನ್ನು ನಂಬಿದ್ದ ತಾನೇ ನುಣುಪು ವಾಕ್ಯ ಕಂಡೊಡನೆ ಅನುಮಾನಿಸಿದೆನಲ್ಲ ಎಂಬ ಸಂಕಟ ಅವರನ್ನು ಇಂದಿಗೂ ಬಿಟ್ಟಿಲ್ಲ.

“ತಪ್ಪಾಯ್ತು ಕಣೇ,” ಎಂದರು ಅಂದು. “ನೀನು ಮಾತಾಡಿದ್ದು ಫೋನಲ್ಲಿದ್ಯಾ? ಹಾಕು, ಕೇಳ್ತೀನಿ.”

ಇತ್ತು. ಕುಕ್ಕರಿನ ಕೂಗು, ಕೆಮ್ಮು, ಕೆಂಪು ದಾರ, ಹಸಿರು ದಾರ, ಹೋಳಿಗೆ. ನಡುವೆ ಹಂಸಾಳ ಮಾತು ಸಿಕ್ಕಿಕೊಳ್ಳುತ್ತದೆ. ಆಮೇಲೆ ತನಗೆ ತಾನೇ ಹೇಳಿಕೊಳ್ಳುತ್ತಾಳೆ: “ಸಾಕು ಹಂಸಾ. ನೀರು ಕುಡಿದು ಬಾ, ನಾನಿಲ್ಲೇ ಇರ್ತೀನಿ.” ತಿದ್ದುವ ಆ್ಯಪ್ ಅನಗತ್ಯವೆಂದು ಕಿತ್ತುಹಾಕಿದ್ದು ಆ ಮಾತನ್ನೇ. ಮೇಡಂ ಸೆರಗಿನಿಂದ ಕಣ್ಣೊರೆಸಿಕೊಂಡರು.

ಮರುದಿನ ಬೆಳಿಗ್ಗೆ ಹಂಸಾಳನ್ನು ಕರೆದುಕೊಂಡು, ಕ್ಯಾಸೆಟ್‌ಗಳ ಚೀಲ ಹಿಡಿದು ಸಂಸ್ಥೆಯ ಪ್ರಾಂಶುಪಾಲರ ಎದುರು ಕುಳಿತರು.

“ಸಾಫ್ಟ್‌ವೇರೇ ಹೇಳಿದ್ಮೇಲೆ ನಾವೇನ್ ಮಾಡೋಕಾಗುತ್ತೆ ಮೇಡಂ?”

“ಅದು ಹೇಳಿದ್ದನ್ನ ಕೇಳಿದ್ರಲ್ಲ ಸರ್, ಇವಳು ಹೇಳೋದನ್ನೂ ಕೇಳಿ.”

ಅವರು ಕೇಳಿದರು. ರೆಕಾರ್ಡಿಂಗ್ ಮುಗಿದ ಮೇಲೆ ನಲವತ್ತು ನಿಮಿಷ ಪ್ರಶ್ನೆ ಹಾಕಿದರು. ಹಂಸಾ ಒಂದಕ್ಕೂ ತಡವರಿಸಲಿಲ್ಲ. ನೋಟಿಸ್ ವಾಪಸಾಯಿತು. ಇಂದು ಅವಳು ನಮ್ಮದೇ ಶಾಲೆಯ ಭೂಪಟಗಳ ಕೋಣೆಯಲ್ಲಿ ಆರು ಮಕ್ಕಳಿಗೆ ಕಲಿಸುತ್ತಾಳೆ. ಓದಿ ಹೇಳುವ ಫೋನೂ ಅಲ್ಲಿದೆ, ಬೇಡವೆನ್ನುವವರು ಯಾರೂ ಇಲ್ಲ. ಆದರೆ ಮಗು ಬಾಯಲ್ಲಿ ಹೇಳಿದ್ದನ್ನು ಮೊದಲು ರೆಕಾರ್ಡ್ ಮಾಡಿ ತೆಗೆದಿಟ್ಟುಕೊಂಡೇ ಅವಳು ಅದನ್ನು ತಿದ್ದಲು ಆ್ಯಪ್‌ಗೆ ಬಿಡುತ್ತಾಳೆ.

ಸರ್ವಮಂಗಳಾ ಅವರಿಗೆ ನೂರು ವರ್ಷದ ಆಯುಸ್ಸು, ಬತ್ತದ ದನಿ ಇರಲಿ. ಶನಿವಾರಗಳಂದು ಬಂದು ಪಾಠ ಓದುತ್ತೇನೆಂದು ಮಾತು ಕೊಟ್ಟಿದ್ದಾರೆ. ಆ ಹೊಸ ಕ್ಯಾಸೆಟ್‌ಗಳಿಗೆ ಕಟ್ಟಲು ಹಂಸಾ ಆಗಲೇ ಬಿಳಿ ದಾರ ತಂದಿಟ್ಟಿದ್ದಾಳೆ. ಈ ಲೇಖನದ ಕೊನೆಗೆ ಏನು ಬರೆಯೋಣ ಎಂದು ಅವಳನ್ನೇ ಕೇಳಿದಾಗ ಅವಳು ಹೇಳಿದ ಮಾತನ್ನು ತಿದ್ದದೆ ಇಲ್ಲಿಡುತ್ತಿದ್ದೇವೆ: “ಇಲ್ಲಿಗೆ ಸಾಕು ಮೇಡಂ. ನೀರು ಕುಡಿದು ಬನ್ನಿ, ನಾವಿಲ್ಲೇ ಇರ್ತೀವಿ.”