ಹಾಲ್ವರನ ಸೊಟ್ಟ ಹೆಬ್ಬೆರಳು

ಹಾಲ್ವರ್ ರೀಸ್ತಾದ್ ಮೊನ್ನೆ ಭಾನುವಾರ ಸಂಜೆ ತನ್ನ ಮನೆಯಲ್ಲಿ ತೀರಿಕೊಂಡ. ಎಪ್ಪತ್ತನಾಲ್ಕು ವರ್ಷವಾಗಿತ್ತು.

ಮಿನ್ನೆಸೋಟದ ನಮ್ಮ ಸಣ್ಣ ಊರು ಅವನಂಥ ಆಟಗಾರನನ್ನು ಮತ್ತೆ ಕಾಣಲಿಲ್ಲ. ಎಲೆ ಉದುರುವಾಗ ಮೈಗೆ ಮೈ ಗುದ್ದಿ ಆಡುವ ನಮ್ಮ ಫುಟ್‌ಬಾಲ್, ಹಿಮ ಬಿದ್ದಾಗ ಬ್ಯಾಸ್ಕೆಟ್‌ಬಾಲ್, ಹಿಮ ಕರಗಿದರೆ ಭರ್ಜಿ ಎಸೆತ, ಬೇಸಿಗೆಯಲ್ಲಿ ಬೇಸ್‌ಬಾಲ್. "ನಮ್ಮನೇಲಿ ಕ್ಯಾಲೆಂಡರ್ ಯಾಕೆ? ಇವನು ಯಾವ ಬೂಟು ಕೆಸರು ಮಾಡ್ಕೊಂಡು ಬಂದ ಅಂತ ನೋಡಿದ್ರೆ ಸಾಕು" ಎನ್ನುತ್ತಿದ್ದರು ಅವನ ತಾಯಿ.

ವಿಶ್ವವಿದ್ಯಾಲಯದವರು ಫುಟ್‌ಬಾಲಿಗೆ ಕರೆದರು. ಅವನು ಹೋಗಲಿಲ್ಲ. ನನ್ನ ಜೊತೆ, ಸಂಬಳ ಕೊಟ್ಟು ಬೇಸ್‌ಬಾಲ್ ಆಡಿಸುವ ಒಂದು ಚಿಕ್ಕ ಕ್ಲಬ್ಬು ಸೇರಿದ. ನಾನು ಚೆಂಡೆಸೆಯುವ ಪಿಚರ್. ಅವನು ಬ್ಯಾಟುಗಾರನ ಹಿಂದೆ ಕುಕ್ಕರಗಾಲಿನಲ್ಲಿ ಕೂತು ಅದನ್ನು ಹಿಡಿಯುವ ಕ್ಯಾಚರ್. ಡಿಕ್ಕಿಗೆ ಅಂಜದ ಮೈ ಫುಟ್‌ಬಾಲಿನದು, ಚುರುಕು ಕಾಲು ಬ್ಯಾಸ್ಕೆಟ್‌ಬಾಲಿನದು. ತೋಳು ಮಾತ್ರ ಭರ್ಜಿಯದೇ. ಎರಡನೇ ಬೇಸಿನ ಕಡೆ ಕದ್ದು ಓಡುವವರು ಅವನನ್ನು ಕಂಡರೆ ಕದಲುತ್ತಿರಲಿಲ್ಲ; ಅವರು ಮುಟ್ಟುವ ಮೊದಲೇ ಅವನೆಸೆದ ಚೆಂಡು ಅಲ್ಲಿರುತ್ತಿತ್ತು.

ನಾಲ್ಕನೆಯ ವರ್ಷ ದೊಡ್ಡ ಲೀಗಿನ ತಂಡವೊಂದರ ಕ್ಯಾಚರ್ ಮಂಡಿ ಮುರಿದುಕೊಂಡ. ಅವರಿಗೆ ಮರುದಿನಕ್ಕೇ ಇನ್ನೊಬ್ಬ ಬೇಕಿತ್ತು. ಆಯ್ಕೆಗಾರ ಹಾಲ್ವರನನ್ನು ನೋಡಲೆಂದೇ ಬಂದು ಕೂತ. ಹಾಲ್ವರ್ ಹುಡುಗನಾಗಿದ್ದಾಗಿನಿಂದ ಬಯಸಿದ್ದು ಅದೊಂದನ್ನೇ.

ಅಂದು ನನ್ನ ಕೈಗೆ ಏನೋ ಮಾಯೆ ಬಂದಿತ್ತು. ಒಂಬತ್ತು ಸರದಿಯಲ್ಲಿ ಆರು ಮುಗಿದರೂ ಎದುರಾಳಿಗಳಲ್ಲಿ ಒಬ್ಬನೂ ನನ್ನ ಚೆಂಡನ್ನು ಹೊಡೆದು ಬೇಸ್ ಮುಟ್ಟಿರಲಿಲ್ಲ. ಅಂಥ ಹೊತ್ತಿನಲ್ಲಿ ಪಿಚರನ ಜೊತೆ ಯಾರೂ ಮಾತನಾಡುವಂತಿಲ್ಲ. ಬಾಯಿಬಿಟ್ಟರೆ ದೃಷ್ಟಿ ತಾಗುತ್ತದೆ. ಬೆಂಚಿನಲ್ಲಿ ನನ್ನ ಪಕ್ಕದಿಂದ ಎಲ್ಲರೂ ಎದ್ದು ದೂರ ಕೂತರು.

ಏಳನೆಯ ಸರದಿಯಲ್ಲಿ ಬ್ಯಾಟಿನ ಅಂಚು ಸವರಿದ ಚೆಂಡು ಹಾಲ್ವರನ ಗ್ಲೌಸಿಲ್ಲದ, ಎಸೆಯುವ ಕೈಗೇ ಬಡಿಯಿತು. ಕೈ ಒಮ್ಮೆ ಕೊಡವಿ ಮತ್ತೆ ಕೂತ. ಎಂಟನೆಯದರಲ್ಲಿ ನನ್ನ ಎಸೆತಗಳು ದಾರಿ ತಪ್ಪಿ, ಒಬ್ಬನಿಗೆ ಹೊಡೆಯದೆಯೇ ಮೊದಲ ಬೇಸ್ ಪುಕ್ಕಟೆ ಸಿಕ್ಕಿತು. ಅವನು ಎರಡನೆಯದಕ್ಕೆ ಓಡಿದ. ಹಾಲ್ವರ್ ಎಸೆದ ಚೆಂಡು ನೆಲಕ್ಕೆ ಬಿದ್ದು, ಪುಟಿದು, ಉರುಳಿಕೊಂಡು ಹೋಯಿತು. ಆಯ್ಕೆಗಾರ ಎದ್ದ. "ತೋಳಲ್ಲಿ ಕಸುವಿಲ್ಲ" ಎಂದು ನಮ್ಮ ಮ್ಯಾನೇಜರನಿಗೆ ಹೇಳಿ ಹೊರಟೇಹೋದ.

ಕೊನೆಯವರೆಗೂ ಯಾರೂ ನನ್ನ ಚೆಂಡನ್ನು ಹೊಡೆದು ಬೇಸ್ ಮುಟ್ಟಲಿಲ್ಲ. ಹುಡುಗರು ನನ್ನನ್ನು ಹೊತ್ತು ಕುಣಿದರು. ಕೆಳಗಿಳಿದಾಗ ಹಾಲ್ವರನ ಹೆಬ್ಬೆರಳು ಕಂಡಿತು: ಬೇಯಿಸಿದ ಬೀಟ್‌ರೂಟಿನ ಹಾಗಿತ್ತು.

"ಯಾಕೋ ಹೇಳ್ಲಿಲ್ಲ?"

"ನಿನ್ ಹತ್ರ ಮಾತಾಡೋ ಹಾಗಿರ್ಲಿಲ್ವಲ್ಲೋ."

"ಮ್ಯಾನೇಜರ್‌ಗಾದ್ರೂ ಹೇಳ್ಬಾರ್ದಿತ್ತಾ?"

"ಹೇಳಿದ್ರೆ ಬೇರೆಯವನನ್ನ ಕೂರಿಸ್ತಿದ್ದ. ನೀನು ಏನಾಯ್ತು, ಏನಾಯ್ತು ಅಂತ ಮೈದಾನವೆಲ್ಲ ಕೇಳೋ ಹಾಗೆ ಬಡ್ಕೊಳ್ತಿದ್ದೆ. ನಿನ್ ಬಾಯಿ ನಂಗೊತ್ತಿಲ್ವಾ, ಎಮಿಲ್?"

ದೊಡ್ಡ ಲೀಗಿನಿಂದ ಮತ್ತೆ ಕರೆ ಬರಲಿಲ್ಲ. ಅವನು ಇನ್ನೂ ಒಂಬತ್ತು ವರ್ಷ ಬಸ್ಸಿನಲ್ಲಿ ಊರೂರು ಸುತ್ತಿ ಆಡಿದ, ಆಮೇಲೆ ಊರಿನ ಧಾನ್ಯದ ಗೋದಾಮು ನೋಡಿಕೊಂಡ. ಬೆರಳು ಸೊಟ್ಟಗೇ ಕೂಡಿಕೊಂಡಿತು. ಯಾರಾದರೂ ಕೇಳಿದರೆ, "ಮಳೆ ಬರೋದನ್ನ ರೇಡಿಯೋಗಿಂತ ಮುಂಚೆ ಹೇಳುತ್ತೆ" ಎನ್ನುತ್ತಿದ್ದ, ಅಷ್ಟೇ.

ಭಾನುವಾರ ಮಧ್ಯಾಹ್ನ ಅವನ ಮಂಚದ ಪಕ್ಕ ಕೂತಿದ್ದೆ. ಅವನಿಗೆ ಮಾತು ನಿಂತು ಎರಡು ದಿನವಾಗಿತ್ತು. ಅವನ ಹೆಂಡತಿ ಸಿಗ್ನೆ ಕಾಫಿ ಕೊಟ್ಟು, ರೇಡಿಯೋದಲ್ಲಿ ಆಟ ಹಾಕಿದಳು. ಎಲ್ಲಿಯದೋ ಹೊಸ ಪಿಚರ್. ಏಳು ಸರದಿಯಾದರೂ ಒಬ್ಬನೂ ಅವನ ಚೆಂಡನ್ನು ಹೊಡೆದು ಬೇಸ್ ಮುಟ್ಟಿರಲಿಲ್ಲ. ನನಗೆ ತಡೆಯಲಾಗಲಿಲ್ಲ, ಅವನ ಮುಖದ ಹತ್ತಿರ ಬಗ್ಗಿದೆ.

"ಹಾಲ್ವರ್, ಕೇಳಿಸ್ಕೊಂಡ್ಯಾ? ಇವತ್ತು ಒಬ್ಬನೂ—"

ಕೌದಿಯೊಳಗಿನಿಂದ ಕೈ ನಿಧಾನವಾಗಿ ಮೇಲೆದ್ದಿತು. ಆ ಸೊಟ್ಟ ಹೆಬ್ಬೆರಳನ್ನು ನನ್ನ ತುಟಿಗೆ ಒತ್ತಿ ಹಿಡಿದ.